ಕರಟನಿಗೊಂದು ಪತ್ರ, ಪಾರ್ಸ್ಲಿ ಲೋಟಗಳ ಪಕ್ಕ ಕೂತು

ಲೋ ಕರಟ,

ಹೇಗಿದೀಯ ಅಂತ ಕೇಳಲ್ಲ. ವಾಟ್ಸಾಪಲ್ಲಿ ಕೇಳಿ ಕೇಳಿ ಆ ಮಾತೇ ಸವೆದು ಹೋಗಿದೆ, ನಾನು ಕೇಳೋದು, ನೀನೊಂದು ಹೆಬ್ಬೆರಳು ಹಾಕೋದು, ಮುಗೀತು. ಅದಕ್ಕೇ ಇವತ್ತು ಉದ್ದಕ್ಕೆ ಬರೀತಾ ಇದೀನಿ, ಅದೂ ಎಲ್ಲರೂ ನೋಡೋ ಕಡೆ. ನಿನಗೊಬ್ಬನಿಗೇ ಬರೆದ್ರೆ ಅರ್ಧಕ್ಕೆ ಬಂದು ಅಳಿಸಿಬಿಡ್ತೀನಿ, ಈಗಾಗ್ಲೇ ನಾಕೈದು ಸಲ ಹಂಗೇ ಆಗಿದೆ. ಜನ ನೋಡ್ತಾ ಇದ್ರೆ ಮುಗಿಸ್ಲೇಬೇಕಲ್ಲ. ಉಳಿದವರೂ ಆರಾಮಾಗಿ ಓದಿ, ಸೈಕಲ್ ಪಂಪಿನ ವಿಷಯ ಮಾತ್ರ ಕೇಳಬೇಡಿ, ಅದು ನಮ್ಮಿಬ್ಬರದು.

ಐಟಿ ಕೆಲಸ ಹೋಗಿದ್ದು ನಿನಗೆ ಗೊತ್ತು. ಆಮೇಲೆ ಏನ್ ಮಾಡ್ತಿದೀನಿ ಅಂತ ಊರಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ. ಇಲ್ಲಿ ಶಿಕಾಗೋ ಉತ್ತರದ ಕಡೆ ಒಂದು ಯಹೂದಿ ಎಲಿಮೆಂಟರಿ ಸ್ಕೂಲಲ್ಲಿ ಅಸಿಸ್ಟೆಂಟಾಗಿದೀನಿ ಕಣೋ. ಸೈನ್ಸ್ ರೂಮು, ಮರಗೆಲಸದ ಶೆಡ್ಡು, ಹಿಂದುಗಡೆ ಇರೋ ಪುಟ್ಟ ತೋಟ, ಇವಿಷ್ಟರ ಉಸ್ತುವಾರಿ ನಂದು. ಡೆವನ್ ಅವೆನ್ಯೂ ಅಂತ ಒಂದು ರಸ್ತೆ ಇದೆ ಅಂತ ಹಿಂದೆ ಹೇಳಿದ್ನಲ್ಲ, ನಮ್ಮವರ ಅಂಗಡಿಗಳೆಲ್ಲ ಇರೋದು, ಆ ರಸ್ತೆಗೆ ಒಂದು ಕಡೆ ಗಾಂಧಿ ಮಾರ್ಗ ಅಂತ ಬೋರ್ಡು, ಇನ್ನೊಂದು ಕಡೆ ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಹೆಸರು. ಹುಣಸೆಹಣ್ಣು, ತೊಗರಿಬೇಳೆ ತಗೊಂಡು ಸ್ವಲ್ಪ ದೂರ ನಡೆದ್ರೆ ತಲೆಗೆ ಟೋಪಿ ಹಾಕಿದ ಹುಡುಗ್ರು ಶುಕ್ರವಾರದ ಬ್ರೆಡ್ಡು ಹಿಡ್ಕೊಂಡು ಓಡ್ತಿರ್ತಾರೆ. ಅಷ್ಟು ವರ್ಷ ಅದೇ ರಸ್ತೇಲಿ ಸಾಮಾನು ತಂದಿದೀನಿ, ಆ ಮಕ್ಕಳು ಯಾವ ಸ್ಕೂಲಿಗೆ ಹೋಗ್ತಾರೆ, ಅಲ್ಲೇನು ಕಲೀತಾರೆ ಅಂತ ಒಂದಿನಾನೂ ಯೋಚನೆ ಮಾಡಿರಲಿಲ್ಲ.

ಈಗ ಹೇಳ್ತೀನಿ ಕೇಳು. ದಿನದ ಅರ್ಧ ಹೊತ್ತು ಹೀಬ್ರೂ, ಪ್ರಾರ್ಥನೆ, ಅವರ ಧರ್ಮಗ್ರಂಥ ತೋರಾದ ಪಾಠ, ಇನ್ನರ್ಧ ಗಣಿತ ಸೈನ್ಸು ಇಂಗ್ಲಿಷು. ಆದ್ರೆ ಆ ಎರಡು ಅರ್ಧ ಬೇರೆಬೇರೆಯಾಗಿ ಉಳಿಯೋದೇ ಇಲ್ಲ, ಒಂದರೊಳಗೊಂದು ಬೆರೆತುಹೋಗುತ್ತೆ, ಯಾಕಂದ್ರೆ ಅವರ ಒಂದೊಂದು ಹಬ್ಬಕ್ಕೂ ಒಂದೊಂದು ಕೈಕೆಲಸ ಇದೆ. ಶುಕ್ರವಾರ ಹಿಟ್ಟು ನಾದಿ ಜಡೆ ಹೆಣೆದ ಹಾಗೆ ಹಲ್ಲಾ ಬ್ರೆಡ್ ಹೆಣೀತಾರೆ, ಕ್ಲಾಸಲ್ಲಿ ದಾನದ ಡಬ್ಬಿ ಇಟ್ಟಿರ್ತಾರೆ, ಎಷ್ಟು ಚಿಕ್ಕ ಮಗುವಾದ್ರೂ ಎದ್ದು ಬಂದು ತನ್ನ ಕೈಯಾರೆ ಕಾಸು ಹಾಕಬೇಕು. ಅದಕ್ಕೆ ತ್ಸೆದಾಕಾ ಅಂತಾರೆ, ಆ ಪದದ ಬೇರು ನ್ಯಾಯ ಅನ್ನೋದು, ಕರುಣೆ ಅಂತ ಅದಕ್ಕೆ ಅರ್ಥ ಇಲ್ವಂತೆ. ಕೊಡೋದು ದೊಡ್ಡತನ ಅಂತ ಯಾರೂ ಮಕ್ಕಳಿಗೆ ಹೇಳಲ್ಲ, ಕೊಡ್ಲೇಬೇಕಾದ್ದು ಕೊಟ್ಟೆ ಅಷ್ಟೆ ಅಂತ ಹೇಳಿಕೊಡ್ತಾರೆ. ನನಗೆ ಅದು ತುಂಬ ಹಿಡಿಸ್ತು.

ಹೋದ ಅಕ್ಟೋಬರಲ್ಲಿ ಸುಕ್ಕೋತ್ ಬಂತು. ಏಳು ದಿನದ ಹಬ್ಬ, ಹುಣ್ಣಿಮೆಗೆ ಶುರು. ಹಿಂದೆ ಮರುಭೂಮೀಲಿ ಅಲೆದ ಕಾಲ ನೆನೆಸ್ಕೊಂಡು ಎಲ್ಲರೂ ಒಂದು ಗುಡಿಸಲು ಕಟ್ಟಿ ಅದರೊಳಗೆ ಕೂತು ಉಣ್ಣಬೇಕು. ಸುಕ್ಕಾ ಅಂತಾರೆ. ಐದನೇ ಕ್ಲಾಸಿನವರು ನನ್ನ ಜೊತೆ ಸೇರಿ ಸ್ಕೂಲಿಂದು ಕಟ್ಟಿದ್ರು. ಮೇಲೆ ಹೊದಿಸೋದು ನೆಲದಲ್ಲಿ ಬೆಳೆದು ಕಡಿದು ತಂದಿದ್ದೇ ಆಗಿರಬೇಕು, ಬಟ್ಟೆ, ಪ್ಲಾಸ್ಟಿಕ್, ಶೀಟು ಯಾವುದೂ ನಡೆಯಲ್ಲ. ಹಗಲು ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ರಾತ್ರಿ ತಲೆ ಎತ್ತಿದ್ರೆ ಸಂದಿಯಿಂದ ನಕ್ಷತ್ರ ಕಾಣಬೇಕು. ನಿನಗೇನು ಬಿಡಿಸಿ ಹೇಳೋದು ಬೇಕಿಲ್ಲ, ಗರಿ ಚಪ್ಪರ ಕಣೋ, ನಿಮ್ಮಕ್ಕನ ಮದುವೇಲಿ ನಾವಿಬ್ಬರೂ ಮೇಲೆ ಹತ್ತಿ ಹೊದಿಸಿದ್ದೇ! ಇಲ್ಲಿ ತೆಂಗಿನ ಗರಿ ಎಲ್ಲಿಂದ ಬರಬೇಕು, ಜೋಳದ ದಂಟು, ಬಿದಿರಿನ ಚಾಪೆ ಹಾಕಿದ್ವಿ.

ಚೆನ್ನಾಗಿರೋದು ಅಳತೆ. ಹಳೇ ಗ್ರಂಥದಲ್ಲಿ ಸುಕ್ಕಾ ಇಷ್ಟೇ ಇರಬೇಕು ಅಂತ ಲೆಕ್ಕ ಇದೆ, ಅದು ಅಡಿ ಇಂಚಲ್ಲಿಲ್ಲ, ಕೈಯಲ್ಲಿದೆ. ಹತ್ತು ಹಿಡಿಗಿಂತ ಗಿಡ್ಡ ಇರಬಾರದು, ಇಪ್ಪತ್ತು ಮೊಳಕ್ಕಿಂತ ಎತ್ತರ ಇರಬಾರದು, ಆರು ಹಿಡಿಗೆ ಒಂದು ಮೊಳ. ಅವರು ಅಮಾ ಅಂತಾರೆ, ಮೊಳಕೈಯಿಂದ ನಡುಬೆರಳ ತುದಿವರೆಗೆ, ನಮ್ಮ ಮೊಳನೇ. ಮಕ್ಕಳೆಲ್ಲ ಕೈ ಚಾಚಿ ಒಂದೇ ಹಲಗೆ ಅಳೆದ್ರು, ಒಬ್ಬೊಬ್ಬರಿಗೆ ಒಂದೊಂದು ಉತ್ತರ, ಕಿತ್ತಾಟ ಶುರು. ಯಾರ ಕೈ ಲೆಕ್ಕಕ್ಕೆ ತಗೋಬೇಕು ಅಂತ. ಗಣಿತದ ಮೇಡಂ ಬೋರ್ಡ್ ಮೇಲೆ ಎಲ್ಲರ ಅಳತೆ ಬರೆಸಿ ಸರಾಸರಿ ತೆಗೆಸಿದ್ರು, ರಬ್ಬಾಯ್, ಅಂದ್ರೆ ಅವರ ಧರ್ಮಗುರು, ಬಂದು ಈ ಜಗಳ ಸಾವಿರಾರು ವರ್ಷದಿಂದ ನಡೀತಾನೇ ಇದೆ ಮುಂದುವರಿಸಿ ಅಂದ್ರು. ನಾನು ಆ ಗದ್ದಲದಲ್ಲಿ ಹಗ್ಗ ಹಿಡ್ಕೊಂಡು ಮೊಳ ಹಾಕಿ ತೋರಿಸ್ತಾ ಇದ್ದೆ, ಒಂದು, ಎರಡು, ಮೂರು, ಕೊನೇಲಿ ಅಭ್ಯಾಸಬಲದಿಂದ ಇನ್ನೊಂದು ನಾಕು ಬೆರಳು ಬಿಟ್ಟು ಹಗ್ಗ ಕತ್ತರಿಸಿದೆ. ಒಬ್ಬಳು ಹುಡುಗಿ ಕೇಳಿದ್ಲು, ಅದ್ಯಾಕೆ ಜಾಸ್ತಿ ಅಂತ.

ಕೊಸರು ಅಂದೆ.

ಅಂದ್ರೆ ಏನು ಅಂತ ಕೇಳಿದ್ಲು. ನಮ್ಮೂರಲ್ಲಿ ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಅಮ್ಮ ಹೂವು ಮಾರ್ತಿದ್ರು, ಕನಕಾಂಬರ, ಮಲ್ಲಿಗೆ, ಮೊಳ ಹಾಕಿ ಹಾಕಿ ಕೊನೇಲಿ ಕೇಳದೇ ಇದ್ರೂ ಇನ್ನೊಂದಿಷ್ಟು ಬಿಟ್ಟು ಕತ್ತರಿಸೋರು, ಅದು ಕೊಸರು ಅಂತ ಹೇಳ್ದೆ. ಅವತ್ತಿಂದ ನಮ್ಮ ಶೆಡ್ಡಲ್ಲಿ ಏನೇ ಕತ್ತರಿಸಿದ್ರೂ ಮಕ್ಕಳು 'ಕೊಸರು, ಕೊಸರು' ಅಂತಾರೆ, ಆ ರಕಾರ ಮಾತ್ರ ಅವರ ನಾಲಿಗೇಲಿ ಬೇರೆ ಏನೋ ಆಗುತ್ತೆ. ನಿಮ್ಮಮ್ಮ ಕೇಳಿದ್ರೆ ನಕ್ಕಿರೋರು. ನಿನಗೆ ಹೇಳಬೇಕು ಅಂತ ಫೋನ್ ತೆಗೆದೆ, ನಂಬರ್ ನೋಡ್ದೆ, ಮತ್ತೆ ಜೇಬಿಗೆ ಹಾಕ್ಕೊಂಡೆ.

ಆಮೇಲೆ ಚಳಿಗಾಲ. ಫೆಬ್ರವರಿ 2ಕ್ಕೆ ತು ಬಿಶ್ವಾತ್ ಅಂತ ಬಂತು, ಮರಗಳ ಹೊಸ ವರ್ಷ. ಹೊರಗಡೆ ಮಂಜು ಬಿದ್ದು ನೆಲ ಕಲ್ಲಾಗಿದೆ, ಇಸ್ರೇಲಲ್ಲಿ ಆಗ ಬಾದಾಮಿ ಮರ ಹೂ ಬಿಡುತ್ತೆ ಅನ್ನೋ ಲೆಕ್ಕಕ್ಕೆ ಇಲ್ಲಿ ಹಬ್ಬ. ಹಾಗಾಗಿ ಮಕ್ಕಳು ಕಾಗದದ ಲೋಟದಲ್ಲಿ ಮಣ್ಣು ತುಂಬಿ ಪಾರ್ಸ್ಲಿ ಬೀಜ ಹಾಕ್ತಾರೆ, ಕೊತ್ತಂಬರಿ ಥರ ಕಾಣೋ ಸೊಪ್ಪು, ಎರಡು ತಿಂಗಳು ಕಿಟಕಿ ಹತ್ರ ಇಟ್ಟು ಬೆಳೆಸಿದ್ರೆ ಪೆಸಾಖ್, ಅಂದ್ರೆ ಗುಲಾಮಗಿರಿಯಿಂದ ಬಿಡುಗಡೆ ಆದ ನೆನಪಿನ ಹಬ್ಬ, ಅದರ ಊಟಕ್ಕೆ ಸರಿಯಾಗಿ ಬರುತ್ತೆ. ಅವತ್ತು ಆ ಸೊಪ್ಪನ್ನ ಉಪ್ಪು ನೀರಲ್ಲಿ ಅದ್ದಿ ತಿನ್ನಬೇಕು, ಈಜಿಪ್ಟಲ್ಲಿ ಗುಲಾಮರಾಗಿ ಅತ್ತ ಕಣ್ಣೀರು ಅದು. ಒಂದು ಹಬ್ಬದಲ್ಲಿ ಬಿತ್ತಿ ಇನ್ನೊಂದು ಹಬ್ಬದಲ್ಲಿ ಕೊಯ್ಯೋದು. ಈ ಬೀಜ ಬಲು ಸೋಮಾರಿ, ಮೂರು ವಾರ ಆದ್ರೂ ಕೆಲವು ತಲೆ ಎತ್ತಲ್ಲ, ದಿನಾ ಬೆಳಿಗ್ಗೆ ಮಕ್ಕಳು ಬಂದು ಲೋಟದೊಳಗೆ ಮೂಗು ತೂರಿಸಿ ನೋಡೋದು ನೋಡಿದ್ರೆ ನಿಮ್ಮ ಅಟ್ಟ ನೆನಪಾಗುತ್ತೆ. ಕಾಯಿ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾದು, ಆಗಾಗ ಹತ್ತಿ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸಿ, ಒಳಗೆ ಗಡಗಡ ಅಂತಾ ನೋಡೋದು.

ಅವತ್ತೇ ಡೆವನ್ನಿಂದ ಮೂರು ತೆಂಗಿನಕಾಯಿ ತಂದೆ. ಮನೆ ಕೊಬ್ಬರಿ ಮಿಠಾಯಿ ತರೋ ಹಾಗಿಲ್ಲ, ಕೋಷರ್, ಅಂದ್ರೆ ಅವರ ಧರ್ಮದ ಊಟದ ನಿಯಮ ಪಾಲಿಸೋ ಅಡುಗೆಮನೇಲಿ ಮಾಡಿದ್ದಲ್ಲ, ಆದ್ರೆ ಇಡೀ ಕಾಯಿಗೆ ಅಡ್ಡಿ ಇಲ್ಲ. ಮೊದಲು ನರ್ಸ್ ಹತ್ರ ಹೋಗಿ ಯಾವ ಮಗುವಿಗೂ ಅಲರ್ಜಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡೆ. ಮಕ್ಕಳ ಕಿವಿಗೆ ಹಿಡಿದು ನೀರು ಅಲ್ಲಾಡೋದು ಕೇಳಿಸಿದೆ, ಒಣಗಿದ ಮೇಲೆ ಬೇರೆ ಸದ್ದು ಬರುತ್ತೆ, ಆ ಸದ್ದಿನ ಮೇಲೆ ನಮ್ಮ ತಿಪಟೂರಿನ ಅರ್ಧ ಜನ ಬದುಕ್ತಾರೆ ಅಂತ ಹೇಳ್ದೆ. ಕಾಯಿ ಒಡೆಯೋಕೆ ಮುಂಚೆ ಅವರು ಮರದ ಹಣ್ಣಿಗೆ ಹೇಳೋ ಮಂತ್ರ ಹೇಳಿದ್ರು. ನಾನು ಒಂದೇ ಏಟಿಗೆ ಎರಡು ಹೋಳು ಮಾಡ್ದೆ. ಆ ಚಪ್ಪಾಳೆ ನೀನು ಕೇಳಬೇಕಿತ್ತು ಕಣೋ!

ಅದಾದ್ಮೇಲೆ ಕತೆ. ತಾಲ್ಮುಡ್ ಅಂತ ಅವರ ದೊಡ್ಡ ಗ್ರಂಥದಲ್ಲಿ ಹೋನಿ ಅನ್ನೋನ ಕತೆ ಇದೆ. ಹೋನಿ ದಾರೀಲಿ ಹೋಗ್ತಾ ಒಬ್ಬ ಕ್ಯಾರಬ್ ಮರ ನೆಡೋದು ನೋಡ್ತಾನೆ, ಇದು ಫಲ ಕೊಡೋಕೆ ಎಷ್ಟು ವರ್ಷ ಅಂತಾನೆ, ಎಪ್ಪತ್ತು ಅಂತಾನೆ ಅವನು. ನೀನು ಅಲ್ಲೀವರೆಗೆ ಇರ್ತೀಯಾ ಅಂದ್ರೆ, ನಾನು ಹುಟ್ಟಿದಾಗ ಮರ ಇತ್ತು, ನನ್ನ ಹಿರಿಯರು ನನಗೆ ನೆಟ್ಟ ಹಾಗೆ ನಾನು ಮಕ್ಕಳಿಗೆ ನೆಡ್ತೀನಿ ಅಂತಾನೆ. ಸಾಮಾನ್ಯವಾಗಿ ಸ್ಕೂಲುಗಳಲ್ಲಿ ಇಲ್ಲಿಗೇ ನಿಲ್ಲಿಸ್ತಾರಂತೆ. ನಮ್ಮ ರಬ್ಬಾಯ್ ಮುಂದಿನದೂ ಓದಿಸಿದ್ರು. ಹೋನಿ ಅಲ್ಲೇ ಮಲಗ್ತಾನೆ, ಎದ್ದಾಗ ಎಪ್ಪತ್ತು ವರ್ಷ ಕಳೆದಿದೆ. ಮನೆಗೆ ಹೋಗಿ ಹೋನಿ ಮಗ ಇದಾನಾ ಅಂದ್ರೆ ಮಗ ಇಲ್ಲ, ಮೊಮ್ಮಗ ಇದಾನೆ ಅಂತಾರೆ. ನಾನೇ ಹೋನಿ ಅಂದ್ರೆ ಯಾರೂ ನಂಬಲ್ಲ. ಪಾಠಶಾಲೆಗೆ ಹೋದ್ರೆ, ಹೋನಿ ಕಾಲದಲ್ಲಿ ಇದ್ದಹಾಗೆ ಇವತ್ತು ಪಾಠ ಸ್ಪಷ್ಟವಾಗಿದೆ ಅಂತ ಅವನ ಹೆಸರೇ ಹೇಳ್ತಾ ಇದಾರೆ, ನಾನೇ ಅಂದ್ರೆ ಅವರೂ ನಂಬಲ್ಲ. ಆ ದುಃಖಕ್ಕೆ ಪ್ರಾಣ ಬಿಡ್ತಾನೆ. ಅದರ ಮೇಲೆ ಒಬ್ಬ ಪಂಡಿತ, ಜನ ಹೇಳೋದು ಇದಕ್ಕೇ, ಒಂದೋ ಜೊತೆ ಇರಬೇಕು ಇಲ್ಲ ಸಾವು ಬರಬೇಕು ಅಂತಾನೆ. ಹವ್ರೂತಾ ಅನ್ನೋದು ಆ 'ಜೊತೆ'ಗೆ ಪದ. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಪುಸ್ತಕ ಜೋರಾಗಿ ಓದಿ, ವಾದ ಮಾಡಿ ಕಲಿಯೋದಕ್ಕೂ ಅದೇ ಪದ. ಹತ್ತು ಜೋಡಿ ಒಟ್ಟಿಗೆ ಶುರು ಮಾಡಿದ್ರೆ ನಿಮ್ಮ ಎಪಿಎಂಸಿ ಯಾರ್ಡಲ್ಲಿ ಹರಾಜಿನ ದಿನ ಇದ್ದ ಹಾಗಿರುತ್ತೆ.

ಒಂದು ಜೋಡಿ ಪಕ್ಕ ನಾನು ಮಣ್ಣು ಗುಡಿಸ್ತಾ ಇದ್ದೆ. ಅದರಲ್ಲೊಬ್ಬ, ಒಂಬತ್ತು ವರ್ಷದೋನು, ಪುಸ್ತಕದ ಮೇಲೆ ಬೆರಳಿಟ್ಟು ಹೇಳ್ತಿದಾನೆ, ಇವನಿಗೆ ಹವ್ರೂತಾ ಇರಲಿಲ್ಲ, ಇದ್ದಿದ್ರೆ ಅವನು ಬಂದು ಎಬ್ಬಿಸ್ತಿದ್ದ. ಎದುರುಗಡೆಯೋನು ತಲೆ ಅಲ್ಲಾಡಿಸ್ತಾ, ಇತ್ತು, ಆದ್ರೆ ಇವನು ಮಲಗೋಕೆ ಮುಂಚೆ ಅವನಿಗೆ ಹೇಳಲಿಲ್ಲ, ಎಲ್ಲಿ ಹೋಗ್ತೀನಿ ಅಂತ ಹೇಳದೇ ಹೋದ ಅಂದ. ನಾನು ಪೊರಕೆ ಹಿಡ್ಕೊಂಡು ಹಂಗೇ ನಿಂತ್ಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಿ ಒಳ್ಳೇ ಪತ್ರ ಅಂತ ಪೋಸ್ಟ್ ಮಾಡೋಣ ಅಂತಲೇ ಶುರು ಮಾಡಿದ್ದು. ಆದ್ರೆ ಆಗ್ತಾ ಇಲ್ಲ.

ಮೂರು ವಾರದ ಹಿಂದೆ ನಮ್ಮ ಸ್ಕೂಲಿನ ಒಬ್ಬ ಟೀಚರ್ ತಾಯಿ ತೀರ್ಕೊಂಡ್ರು. ಅವರಲ್ಲಿ ಮಣ್ಣು ಮಾಡಿದ ಮೇಲೆ ಏಳು ದಿನ ಮನೇಲೇ ಕೂರ್ತಾರೆ, ಶಿವಾ ಅಂತಾರೆ, ಶಿವಾ ಅಂದ್ರೆ ಏಳು ಅಂತ. ಕನ್ನಡಿಗೆಲ್ಲ ಬಟ್ಟೆ ಮುಚ್ಚಿರ್ತಾರೆ, ಏಳು ದಿನ ಉರಿಯೋ ದೀಪ ಹಚ್ಚಿರ್ತಾರೆ, ದುಃಖದಲ್ಲಿರೋರು ಗಿಡ್ಡ ಕುರ್ಚಿ ಮೇಲೆ ಕೂರ್ತಾರೆ. ಮೊದಲ ಊಟ ಅವರ ಮನೇಲಿ ಬೇಯಿಸಬಾರದು, ನೆರೆಯವರೇ ತರಬೇಕು, ಬೇಯಿಸಿದ ಮೊಟ್ಟೆ, ಮಸೂರ್ ಬೇಳೆ, ದುಂಡಗಿರೋದು. ಸ್ಕೂಲಲ್ಲಿ ಇದನ್ನೂ ಪಾಠ ಮಾಡಿದ್ರು ಕಣೋ, ಅದೂ ಕೈಯಲ್ಲಿ. ನಾಕನೇ ಕ್ಲಾಸಿನ ಮಕ್ಕಳು ಸ್ಕೂಲ್ ಅಡುಗೆಮನೇಲಿ ದುಂಡು ಬ್ರೆಡ್ ಮಾಡಿದ್ರು. ಆಮೇಲೆ ಕ್ಲಾಸಲ್ಲಿ ಅಭ್ಯಾಸ. ಒಬ್ಬರು ಗಿಡ್ಡ ಕುರ್ಚಿ ಮೇಲೆ ಕೂತ್ಕೋಬೇಕು, ಉಳಿದವರು ಒಳಗೆ ಬರಬೇಕು. ಬೆಲ್ ಒತ್ತಬಾರದು, ಬಾಗಿಲು ತೆಗೆದೇ ಇರುತ್ತೆ. ಮೊದಲು ನೀವು ಮಾತಾಡಬಾರದು, ಅವರು ಮಾತಾಡೋವರೆಗೆ ಕಾಯಬೇಕು.

ಒಬ್ಬ ಕೈ ಎತ್ತಿದ. ಅವರು ಮಾತಾಡ್ದೇ ಇದ್ರೆ?

ಸುಮ್ನೆ ಕೂತ್ಕೊ ಅಂದ್ರು ರಬ್ಬಾಯ್. ಕೂರೋಕೇ ಹೋಗಿರೋದು.

ಆ ಮನೆಗೆ ಗಿಡ್ಡ ಕುರ್ಚಿ ಸಾಲದೆ ನಮ್ಮ ಕಿಂಡರ್‌ಗಾರ್ಟನ್‌ನಿಂದ ನಾಕು ಕುರ್ಚಿ ನಾನೇ ಕಾರಲ್ಲಿ ತಗೊಂಡು ಹೋದೆ. ನೀಲಿ ಬಣ್ಣದ್ದು, ಒಂದರ ಬೆನ್ನಿಗೆ ಯಾವುದೋ ಮಗು ಅಂಟಿಸಿದ ಡೈನೋಸಾರ್ ಸ್ಟಿಕ್ಕರ್. ಆ ಟೀಚರ್ ಐವತ್ತು ದಾಟಿದ ಹೆಂಗಸು, ಅದರ ಮೇಲೆ ಮಂಡಿ ಮಡಿಸ್ಕೊಂಡು ಕೂತಿದ್ರು. ಅವರ ಕ್ಲಾಸಿನ ಒಂದು ಹುಡುಗಿ ಅಮ್ಮನ ಜೊತೆ ಬಂದಿದ್ಲು, ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತ್ಲು. ಇಪ್ಪತ್ತು ನಿಮಿಷ ಇರಬಹುದು, ಆ ಮಗು ಒಂದು ಮಾತಾಡಲಿಲ್ಲ, ಅಲ್ಲಾಡಲೂ ಇಲ್ಲ. ಕೊನೆಗೆ ಟೀಚರೇ ಕೇಳಿದ್ರು, ನಿನ್ನ ಪಾರ್ಸ್ಲಿ ಎಷ್ಟು ಬಂತು ಅಂತ. ಹುಡುಗಿ ಬೆರಳು ಅಗಲಿಸಿ ತೋರಿಸಿದ್ಲು, ಇಷ್ಟು ಅಂತ. ಸ್ವಲ್ಪ ತಡೆದು ಇನ್ನೊಂಚೂರು ಅಗಲಿಸಿದ್ಲು.

ನಾನು ಹೊರಗೆ ಬಂದು ಕಾರಲ್ಲಿ ಕೂತೆ. ಸ್ಟಾರ್ಟ್ ಮಾಡೋಕಾಗಲಿಲ್ಲ.

ನಮ್ಮ ತಾತ ಹೋದ ದಿನ ನಮ್ಮನೇಲಿ ಒಲೆ ಹಚ್ಚಿರಲಿಲ್ಲ. ನಿಮ್ಮಮ್ಮ ಹೂವಿನ ಬುಟ್ಟಿ ಮಾರದೆ ಹಂಗೇ ಮನೇಲಿಟ್ಟು, ಅನ್ನ ಸಾರು ಮಾಡಿ, ಪಾತ್ರೆ ಮೇಲೆ ಬಾಳೆಲೆ ಮುಚ್ಚಿ, ತಲೆ ಮೇಲೆ ಹೊತ್ಕೊಂಡು ಬಂದ್ರು, ಹಿಂದೆ ನೀನು ಮಜ್ಜಿಗೆ ಚೊಂಬು ಹಿಡ್ಕೊಂಡು. ನಾನು ಜಗಲಿ ಮೇಲೆ ಕೂತಿದ್ದೆ. ನೀನು ಬಂದು ಪಕ್ಕದಲ್ಲಿ ಕೂತೆ. ಸಂಜೆವರೆಗೂ ಕೂತಿದ್ದೆ. ಏನೂ ಮಾತಾಡಲಿಲ್ಲ. ನಿನಗೆ ಯಾವ ರಬ್ಬಾಯ್ ಹೇಳಿಕೊಟ್ಟಿದ್ದ?

ಅಮ್ಮ ಹೋದಾಗ ನಾನು 'ಓಂ ಶಾಂತಿ ಮಗಾ' ಅಂತ ಕಳಿಸ್ದೆ. ಮೂರು ಪದ. ಆಮೇಲೆ ನೀನು ಫೋನ್ ಮಾಡಿದಾಗ, ವೀಸಾ ಸ್ಟಾಂಪಿಂಗ್ ತೊಂದರೆ, ಬಂದ್ರೆ ವಾಪಸ್ ಬಿಡಲ್ಲ, ಇಲ್ಲಾಂದ್ರೆ ಬರ್ತಿದ್ದೆ ಅಂದೆ. ನೀನು ಪರವಾಗಿಲ್ಲ ಬಿಡೋ ಅಂದೆ, ನನಗೇ ಸಮಾಧಾನ ಮಾಡ್ದೆ.

ಸ್ಟಾಂಪಿಂಗ್ ಏನೂ ಇರಲಿಲ್ಲ ಕರಟ. ಗ್ರೀನ್ ಕಾರ್ಡ್ ಬಂದು ನಾಕು ತಿಂಗಳಾಗಿತ್ತು. ಆ ವಾರ ಆಫೀಸಲ್ಲಿ ಒಂದು ರಿಲೀಸ್ ಇತ್ತು, ಅದು ಬಿಟ್ಟು ಬಂದಿದ್ರೆ ಏನೂ ಮುಳುಗ್ತಿರಲಿಲ್ಲ. ಅದಕ್ಕೂ ಮುಂಚೆ ಒಂದೂವರೆ ವರ್ಷ ನಿನಗೆ ಫೋನ್ ಮಾಡಿರಲಿಲ್ಲ, ಯಾವ ಮುಖ ಇಟ್ಕೊಂಡು ಬಾಗಿಲಲ್ಲಿ ನಿಲ್ಲೋದು ಅನ್ನಿಸ್ತು. ಅಮ್ಮ ಇಲ್ಲದ ಆ ಮನೆ ನೋಡೋ ಧೈರ್ಯನೂ ಬರಲಿಲ್ಲ. ಇನ್ನೂ ಇದೆ. ಅದೇ ವರ್ಷ ಡಿಸೆಂಬರಲ್ಲಿ ಬೆಂಗಳೂರಿಗೆ ಬಂದಿದ್ದೆ, ಇವಳ ಕಡೆ ಮದುವೆಗೆ, ಹನ್ನೆರಡು ದಿನ ಇದ್ದೆ. ರೈಲು ಹತ್ತಿದ್ರೆ ಮೂರು ತಾಸೂ ಇಲ್ಲದ ದಾರಿ. ನಿನಗೆ ಹೇಳಲಿಲ್ಲ. ಮದುವೆ ಫೋಟೋ ಯಾರೂ ಎಲ್ಲೂ ಹಾಕದಂತೆ ನೋಡ್ಕೊಂಡೆ.

ಇದನ್ನ ಇಲ್ಲಿ ಬರೀಬೇಕು ಅಂತ ಇರಲಿಲ್ಲ, ಬಂದ್ಬಿಡ್ತು. ಅಳಿಸಲ್ಲ.

ಸರಿ, ಬೇರೆ ವಿಷಯ ಹೇಳ್ತೀನಿ, ಇಲ್ಲಾಂದ್ರೆ ನೀನು ಓದ್ತಾ ಓದ್ತಾ ಫೋನ್ ಎಸೀತೀಯ. ಮೊನ್ನೆ ಮಾತ್ಸಾ ಮಾಡೋ ಅಭ್ಯಾಸ ಆಯ್ತು, ಪೆಸಾಖಿನ ಉಬ್ಬದ ರೊಟ್ಟಿ. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ 18 ನಿಮಿಷದೊಳಗೆ ಲಟ್ಟಿಸಿ ಚುಚ್ಚಿ ಬೇಯಿಸಿ ಮುಗಿಸಬೇಕು, ತಡ ಆದ್ರೆ ಹುಳಿ ಬಂದ ಲೆಕ್ಕ, ಎಸೀಬೇಕು. ಗಡಿಯಾರ ಹಿಡ್ಕೊಂಡು ಕೂಗೋ ಕೆಲಸ ನಂದು. ಇಪ್ಪತ್ತು ಮಕ್ಕಳು, ಮೂಗಿನ ತುದಿವರೆಗೆ ಹಿಟ್ಟು, 'ಬೇಗ ಬೇಗ' ಅಂತ ನಾನು ಕನ್ನಡದಲ್ಲೇ ಕೂಗ್ತಿದೀನಿ, ಅವರೂ 'ಬೇಗ ಬೇಗ' ಅಂತಾನೇ ಓಡ್ತಿದಾರೆ. ಇನ್ನೂ ಒಂದು, ಅವರದ್ದೂ ಚಾಂದ್ರಮಾನವೇ, 19 ವರ್ಷಕ್ಕೆ 7 ಸಲ ಅಧಿಕ ಮಾಸ ಸೇರಿಸ್ತಾರೆ. ಹಾಗಾಗಿ ಈ ಸಲ ನಮ್ಮ ಯುಗಾದಿ ಆದ ಮೇಲಿನ ಹುಣ್ಣಿಮೆಗೇ ಅವರ ಪೆಸಾಖ್, ಏಪ್ರಿಲ್ 1ರ ಸಂಜೆಯಿಂದ. ಅವರೂ ಊಟದ ತಟ್ಟೇಲಿ ಕಹಿ ಬೇರು ಇಟ್ಟು ಸಿಹಿಯಲ್ಲಿ ಅದ್ದಿ ತಿಂತಾರೆ. ಬೇವು ಬೆಲ್ಲ ಹೇಳ್ದೆ, ಮಕ್ಕಳು ನಮ್ಮದನ್ನ ಕದ್ರಾ ನೀವು ಅಂತ ಕೇಳಿದ್ರು!

ಪಾರ್ಸ್ಲಿ ಒಂದು ಲೋಟ ನನಗೂ ಕೊಟ್ಟಿದಾರೆ, ಈಗ ಇದೇ ಟೇಬಲ್ ಮೇಲಿದೆ. ಮೇಲೆ ನನ್ನ ಹೆಸರು ಹೀಬ್ರೂನಲ್ಲಿ, ಬಲದಿಂದ ಎಡಕ್ಕೆ, ಒಂದು ಹುಡುಗಿ ಬರೆದುಕೊಟ್ಲು. ಎರಡು ಬೆರಳಗಲ ಬಂದಿದೆ. ಕೊಸರು ಸೇರಿಸಿ ಮೂರು.

ಜೂನಲ್ಲಿ ಸ್ಕೂಲಿಗೆ ರಜಾ ಬಿದ್ದ ವಾರವೇ ಹೊರಡ್ತೀನಿ, ಟಿಕೆಟ್ ನಿನ್ನೆ ರಾತ್ರಿ ಮಾಡಿಸ್ದೆ, ಇದನ್ನ ಬರೆಯೋಕೆ ಮುಂಚೆ. ಬೆಂಗಳೂರಲ್ಲಿ ನಿಲ್ಲಲ್ಲ, ಸೀದಾ ತಿಪಟೂರು. ಬರಬೇಡ ಅನ್ನೋದಾದ್ರೂ ಬರ್ತೀನಿ. ನಿನ್ನ ಬೆಲ್ ಒತ್ತಲ್ಲ. ಜಗಲಿ ಮೇಲೆ ಕೂತಿರ್ತೀನಿ, ನೀನು ಮಾತಾಡಿದಾಗ ಮಾತಾಡು, ಸಂಜೆ ಆದ್ರೂ ಆಗಲಿ, ಮಾರನೇ ದಿನ ಆದ್ರೂ ಆಗಲಿ.

ಪಂಪ್ ಇನ್ನೂ ಇದ್ಯಾ? ಇದ್ರೆ ತೆಗೆದಿಡು, ವಾಷರ್ ನಾನು ಇಲ್ಲಿಂದ ತರ್ತೀನಿ.

ನಿನ್ನ
ಅರ್ಧ ಟಿಕೆಟ್